ಎಲೆಯಲ್ಲಿ ಉಳಿದದ್ದು

ವಕೀಲ ನರಸಿಂಗರಾಯರ ಮನೆಗೆ ಹತ್ತು ಜನ ಊಟಕ್ಕೆ ಬರುವವರಿದ್ದರು. ರಾಯರು ಅಡುಗೆಯ ಕಾವೇರಮ್ಮನನ್ನು ಕರೆದು ಹೇಳಿದರು: “ಹದಿನೈದು ಬಗೆ ಆಗಬೇಕು. ಆದರೆ ಒಂದು ಅಗುಳೂ ಕಸಕ್ಕೆ ಹೋಗಕೂಡದು. ಹೋದರೆ ನಿಮಗಿಲ್ಲಿ ಕೆಲಸವಿಲ್ಲ.”

ಕಾವೇರಮ್ಮನಿಗೆ ಚಿಂತೆ ಹತ್ತಿತು. ದಿನವೂ ಎಲೆಯಲ್ಲಿ ಅರ್ಧ ಬಿಟ್ಟು ಏಳುವವರು ರಾಯರೇ! ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಹಪ್ಪಳ ಕರಿಯುವಾಗಲೂ ಆಕೆಗೆ ಅದೇ ಯೋಚನೆ.

ಪಂಕ್ತಿ ಕೂತಿತು; ಅತಿಥಿಗಳ ಜೊತೆ ರಾಯರೂ ಕೂತರು. ಪಾಯಸವೂ ಬಡಿಸಿಯಾಯಿತು. ಎಲೆಗಳ ಮೇಲೆ ಪಲ್ಯ, ಕೋಸಂಬರಿ, ಚಿತ್ರಾನ್ನ ಹಾಗೇ ಗುಡ್ಡೆಯಾಗಿದ್ದವು. ಕಾವೇರಮ್ಮ ಧೈರ್ಯ ಮಾಡಿ ಕೈಮುಗಿದಳು.

“ಬಿಟ್ಟರೂ ಚಿಂತೆಯಿಲ್ಲ. ಏನೂ ಕಸಕ್ಕೆ ಹೋಗಕೂಡದು ಅಂತ ರಾಯರ ಅಪ್ಪಣೆಯಾಗಿದೆ. ಎಲೆಯಲ್ಲಿ ಉಳಿದದ್ದನ್ನೆಲ್ಲ ಒಟ್ಟು ಮಾಡಿ ರಾತ್ರಿ ಅವರಿಗೇ ಬಡಿಸುತ್ತೇನೆ.”

“ಅಯ್ಯಯ್ಯೋ, ನಮ್ಮ ಎಂಜಲನ್ನು ರಾಯರು ಉಣ್ಣುವುದೇ?” ಎಂದು ಹಿರಿಯರೊಬ್ಬರು ಪಲ್ಯಕ್ಕೆ ಕೈಹಾಕಿದರು. ಉಳಿದವರೂ ತಲೆ ತಗ್ಗಿಸಿ ಉಂಡರು. ಎಲ್ಲರ ಕಣ್ಣೂ ತಮ್ಮ ಮೇಲೆ ಬೀಳುತ್ತಲೇ ರಾಯರು ಅರ್ಧ ಮಡಚಿದ್ದ ಎಲೆಯನ್ನು ಬಿಡಿಸಿ, ಬೆವರುತ್ತ ಕೊನೆಯ ಅಗುಳನ್ನೂ ನುಂಗಿದರು.

ಅತಿಥಿಗಳು ಹೋದ ಮೇಲೆ ರಾಯರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕೆಲಸ ಹೋಯಿತೆಂದೇ ಕಾವೇರಮ್ಮ ಸೆರಗು ಬಿಗಿಹಿಡಿದಳು.

ರಾಯರು ಹೊಟ್ಟೆ ನೀವಿಕೊಳ್ಳುತ್ತ, “ಇನ್ನು ಮೇಲೆ ಅನ್ನ, ಸಾರು, ಒಂದು ಪಲ್ಯ ಸಾಕು ಕಾವೇರಮ್ಮ,” ಎಂದರು. “ಬಡಿಸುವ ಮುಂಚೆ ಎಷ್ಟು ಬೇಕು ಅಂತ ನನ್ನನ್ನೊಂದು ಮಾತು ಕೇಳಿ.”