ಮಾದೇಶ ಸುಟ್ಟ ಊಫರು

ಹೊಳೆ ದಂಡೇಲಿ, ಹೊಂಗೆ ಮರದ ಕೆಳಗೆ, ಒಂದು ತಗಡಿನ ಶೆಡ್ಡು. ಕಾರುಗಳಿಗೆ ಸೌಂಡ್ ಸೆಟ್ಟು ಕೂರ್ಸೋ ಜಾಗ. ಸುತ್ತಿನ ಜನ ಅದನ್ನ ಮಠ ಅಂತಿದ್ರು, ಯಾಕೇಂದ್ರೆ ಒಳಗೆ ಈರಾಚಾರಿ ಇದ್ದ.

ಈರಾಚಾರಿ ಅಂದ್ರೆ ಸುಮ್ನೆ ಆಸಾಮಿ ಅಲ್ಲ. ಅವನು ಕೂರ್ಸಿದ ಊಫರ್, ಆ ದಪ್ಪ ದನಿ ಸ್ಪೀಕರ್ರು, ಒಂದ್ಸಲ ದಢ್ ಅಂದ್ರೆ ಆಚೆ ದಡದ ಎಮ್ಮೆ ಮೇಯೋದ್ ಬಿಟ್ಟು ತಲೆ ಎತ್ತೋದು. ಹಂಗಂತ ಅವನೇ ಹೇಳ್ತಿದ್ದ. ಎಮ್ಮೆ ಯಾವತ್ತೂ ಸುಳ್ಳು ಅಂದಿಲ್ಲ.

ಇಂಥಾ ಗುರೂಗೆ ಗಂಟುಬಿದ್ದ ಶಿಷ್ಯ ಮಾದೇಶ. ಕೈ ಒಳ್ಳೇದು, ವೈರ್ ಎಳೆದ್ರೆ ಜಡೆ ಹೆಣೆದಂಗಿರೋದು. ತಲೆ ಮಾತ್ರ ಯಾರೋ ಬೇರೆಯೋರದ್ದು.

ಮಾದೇಶಂಗೆ ಒಂದು ಹೆಣ್ಣು ಒಪ್ಪಿಗೆ ಆಗಿತ್ತು. ಹುಡುಗ ಸ್ವಂತ ಅಂಗಡಿ ಬೋರ್ಡ್ ಹಾಕೋವರ್ಗೂ ತಾಂಬೂಲ ಬದಲಾಯ್ಸಲ್ಲ ಅಂತ ಹೆಣ್ಣಿನ ಕಡೆಯೋರು ಕಡ್ಡಿ ಮುರ್ದಂಗೆ ಅಂದಿದ್ರು. ಈರಾಚಾರಿ ಅಪ್ಪಣೆ ಇಲ್ದೆ ಬೋರ್ಡ್ ಹಾಕೋ ಗಂಡು ಆ ಸೀಮೇಲಿ ಇರ್ಲಿಲ್ಲ.

ಅದಕ್ಕೆ ಗುರು ಒಂದು ಕಾರು ತೋರ್ಸಿ, ಇದರ ಊಫರ್‌ಗೆ ತಕ್ಕ ಆಂಪು ನೀನೇ ಆರ್ಸಿ ಕೂರ್ಸು, ನಾನು ಬಾಯಿ ಹಾಕಲ್ಲ, ಊಫರ್ ಸುಡದೆ ನಿಂತ್ರೆ ಅಪ್ಪಣೆ ಅಂದ.

ಊಫರ್‌ಗೆ ಬಲ ಕೊಡೋದು ಆಂಪು. ಬಲ ಜಾಸ್ತಿ ಆದ್ರೆ ಸುಟ್ಟೋದೀತು ಅಂತ ಮಾದೇಶ ಒಂದು ಸಣ್ಣ ಆಂಪು ಆರ್ಸ್ದ. ಕಾರಿನೋನು ಸದ್ದು ಸಾಲ್ದು ಅಂದ. ಮಾದೇಶ ಆಂಪಿನ ಸದ್ದು ಏರ್ಸೋ ಗೇನ್ ತಿರುಪನ್ನ ಕೊನೇವರ್ಗೂ ತಿರುಗ್ಸ್ದ.

ಸದ್ದು ಬಂತು. ಆಮೇಲೆ ಹೊಗೆ ಬಂತು.

ಗುರು ಹಲ್ಲು ಕಚ್ಕೊಂಡು ಹೊಸ ಊಫರ್ ಕೊಟ್ಟ. ಮಾದೇಶ ಇನ್ನೂ ಸಣ್ಣ ಆಂಪು ಹಾಕಿ, ತಿರುಪನ್ನ ಇನ್ನೂ ಬಿಗಿಯಾಗಿ ತಿರುಗ್ಸ್ದ. ಅದೂ ಸುಟ್ಟೋಯ್ತು.

ಈರಾಚಾರಿ ಬೀಡಿ ಬಿಸಾಕಿ ಎದ್ದ. ಆ ಎಮ್ಮೆಗೆ ಕಲಿಸಿದ್ರೂ ಇಷ್ಟೊತ್ತಿಗೆ ಅಂಗಡಿ ಇಟ್ಟಿರೋದು ಅನ್ನಿಸ್ತು ಅವನಿಗೆ.

"ಯಾಕ್ಲಾ ಸುಡ್ತು?"

"ಆಂಪು ಇನ್ನೂ ದೊಡ್ಡದಾಯ್ತು ಅನ್ಸುತ್ತೆ ಗುರುಗಳೇ. ಇನ್ನೊಂಚೂರು ಸಣ್ಣದು ಹುಡುಕ್ತೀನಿ."

"ಹುಡುಕು. ಸಿಗ್ದಿದ್ರೆ ಟಾರ್ಚ್ ಸೆಲ್ಲು ಕಟ್ಟು. ಅದಕ್ಕೂ ಸುಡ್ಲಿಲ್ಲಾಂದ್ರೆ ಬೆಂಕಿಕಡ್ಡಿ ನಾನೇ ಗೀರ್ತೀನಿ."

ಅಂದೋನೇ ಶಿಷ್ಯನ ರಟ್ಟೆ ಹಿಡಿದು ಹೊಳೆ ಮರಳಿಗೆ ಎಳ್ಕೊಂಡು ಹೋದ. ಓಡು ಅಂದ. ಯಾಕೆ ಅಂತ ಕೇಳಿದ್ದಕ್ಕೆ ಇನ್ನೂ ಜೋರಾಗಿ ಓಡು ಅಂದ. ಮಾದೇಶ ಮರಳಲ್ಲಿ ಆ ಕಡೆಯಿಂದ ಈ ಕಡೆಗೆ ಓಡಿ ಓಡಿ, ನಾಲ್ಗೆ ಹೊರಗೆ ಹಾಕಿ ನಿಂತ.

ಆಚೆ ದಡದಲ್ಲಿ ಹರಿಗೋಲಿನ ಲಿಂಗಣ್ಣ ಬಲೆ ಹೊಲೀತಾ ಕೂತಿದ್ದ.

"ಅವನ್ನ ಈ ಕಡೆ ಬಾ ಅಂತ ಕರಿ. ಈಗ್ಲೇ."

ಎದೇಲಿ ಉಸಿರಿಲ್ಲ. ಇರೋ ಚೂರನ್ನೇ ಹಿಂಡಿ ಮಾದೇಶ ಕಿರಿಚ್ದ. ದನಿ ಹರಿದು ಚಿಂದಿ ಆಯ್ತು. ಲಿಂಗಣ್ಣ ಬಲೆ ಬಿಟ್ಟು ಎರಡೂ ಕಿವಿ ಮುಚ್ಕೊಂಡ. ಯಾರ್ ಸತ್ರು ಅಂತ ಕೈ ಆಡ್ಸಿ ಕೇಳ್ದ.

ಈರಾಚಾರಿ ಶಿಷ್ಯನ್ನ ಕಲ್ಲಿನ ಮೇಲೆ ಕೂರ್ಸಿ, ತಾನೂ ಕೂತು, ಇನ್ನೊಂದು ಬೀಡಿ ಹಚ್ದ. ಅದು ಮುಗಿಯೋ ಹೊತ್ತಿಗೆ ಮಾದೇಶನ ಏದುಸಿರು ಇಳಿದಿತ್ತು.

"ಈಗ ಕರಿ."

ಮಾದೇಶ ತುಂಬಾ ಉಸಿರು ತಗೊಂಡ. ಅದ್ರಲ್ಲಿ ಅರ್ಧಾನೂ ಖರ್ಚು ಮಾಡ್ದೆ, ಲಿಂಗಣ್ಣೋ, ಬಾರಣ್ಣೋ ಅಂದ. ಲಿಂಗಣ್ಣ ಹರಿಗೋಲು ನೀರಿಗೆ ತಳ್ದ.

"ಆವಾಗ ಕಿರಿಚಿದ್ದು ನೀನು. ಉರಿದಿದ್ದು ಯಾರ ಕಿವಿ?"

ಮಾದೇಶ ದಡಕ್ಕನೆ ಎದ್ದ. ಶೆಡ್ಡಿಗೆ ಹೋಗಿ, ಉಸಿರು ಸಾಲ್ದೆ ಕಿರಿಚ್ತಿದ್ದ ಸಣ್ಣ ಆಂಪನ್ನ ಕಿತ್ತು, ಊಫರ್ ಕೇಳೋವಷ್ಟು ಬಲಾನ ಆರಾಮಾಗಿ ಕೊಡೋ ದೊಡ್ಡ ಆಂಪನ್ನ ಅಟ್ಟದಿಂದ ಇಳಿಸ್ದ. ಮೂರನೇ ಊಫರ್ ಜೊತೆ ಕೂರ್ಸ್ದ. ಗೇನ್ ತಿರುಪನ್ನ ಒಂಚೂರೇ ಮುಟ್ದ. ಕಾರಿನೋನು ಇನ್ನೂ ತಿರುಗ್ಸಪ್ಪಾ ಅಂತ ದುಂಬಾಲು ಬಿದ್ದ. ಇಷ್ಟೇ ಸ್ವಾಮಿ, ಇದಕ್ಕಿಂತ ಮೇಲೆ ಅದು ಮಾತಲ್ಲ, ಕಿರುಚಾಟ ಅಂತ ಮಾದೇಶ ಡಿಕ್ಕಿ ಮುಚ್ದ.

ಸಂಜೇವರ್ಗೂ ಬಾರಿಸಿದ್ರು. ಊಫರ್ ಸುಡದೆ ನಿಂತ್ಕೊಂತು.

ಮಾದೇಶ ಬಂದು ಕಾಲಿಗೆ ಬಿದ್ದು, ಪೇಟೆ ಸರ್ಕಲ್‌ನಲ್ಲಿ ಮಳಿಗೆ ನೋಡಿದ್ದೀನಿ, ಬೋರ್ಡ್ ಮೇಲೆ ಆಳೆತ್ತರದ ಅಕ್ಷರದಲ್ಲಿ 'ಈರಾಚಾರಿ ಸೌಂಡ್ಸ್' ಅಂತ ಬರೆಸ್ತೀನಿ, ಅಪ್ಪಣೆ ಆಗ್ಲಿ ಅಂದ.

ಈರಾಚಾರಿ ಶಿಷ್ಯನ ರಟ್ಟೆ ಹಿಡಿದು ಎಬ್ಬಿಸ್ದ. ಈರಾಚಾರಿ ಅನ್ನೋ ಹೆಸರು ಸರ್ಕಲ್ ಏನು, ಜಿಲ್ಲೆ ಪೂರ್ತಿ ಕೇಳ್ಸೋದು. ಅದು ಅವನಿಗೂ ಗೊತ್ತಿತ್ತು.

"ಅಪ್ಪಣೆ ಐತೆ. ಬೋರ್ಡ್ ಮೇಲೆ ನಿನ್ ಹೆಸ್ರು ಬರ್ಸು."

"ನನ್ ಹೆಸ್ರು ನಮ್ ಬೀದಿ ಆಚೆ ಯಾರಿಗೂ ಗೊತ್ತಿಲ್ಲ ಗುರುಗಳೇ."

"ಹಂಗಾದ್ರೆ ಉಸಿರಿದ್ದಷ್ಟೇ ಕೂಗು, ಅಂಗಡಿ ನಿಮ್ ಬೀದೀಲೇ ಇಡು."