ಕುಟ್ಟುಬಾವಿಗೆ ಆ ಹೆಸರು ಬಂದದ್ದು

ನಮ್ಮ ಹಿರೇಕಣವಿಯಿಂದ ಗುಡ್ಡದ ಕಡೆಗೆ ಹೊರಟರೆ, ಬನ್ನಿಮರಗಳು ಮುಗಿಯುವ ತಿರುವಿನಲ್ಲಿ ಒಂದು ದೊಡ್ಡ ಮೆಟ್ಟಿಲ ಬಾವಿ ಸಿಗುತ್ತದೆ. ಮೂರು ಕಡೆ ಕಟ್ಟಿದ ಗೋಡೆ, ಒಂದು ಕಡೆ ನೀರಿನವರೆಗೆ ಇಳಿಯುವ ಕರಿಕಲ್ಲಿನ ಅಗಲ ಮೆಟ್ಟಿಲು, ಗೋಡೆಯ ಗೂಡಿನಲ್ಲಿ ಮೂಗು ಮುಕ್ಕಾದ ಗಂಗಮ್ಮ. ಕಟ್ಟಿಸಿದ ಗೌಡರು ಇದಕ್ಕೆ ಇಟ್ಟ ಹೆಸರು ಗಂಗಾಸಾಗರ. ಆ ಹೆಸರನ್ನು ಅವರ ಮನೆತನದವರೇ ಮರೆತಿದ್ದಾರೆ. ಊರಿನ ಬಾಯಲ್ಲಿ ಇದು ಕುಟ್ಟುಬಾವಿ. ಹೊರಗಿನಿಂದ ಬಂದವರು ಇಲ್ಲಿ ಭತ್ತ ಕುಟ್ಟುತ್ತಿದ್ದರೇ ಎಂದು ಕೇಳುತ್ತಾರೆ. ಜೋಳ ತಿನ್ನುವ ಸೀಮೆಗೆ ಭತ್ತವನ್ನು ಎಲ್ಲಿಂದ ತರುವುದು ಸ್ವಾಮಿ! ಫೋಟೊ ತೆಗೆದುಕೊಂಡು ಹೋಗುವವರು ಕೇಳುವುದೂ ಇಲ್ಲ, ನಾನು ಅವರಿಗೆ ಹೇಳಲು ಹೋಗುವುದೂ ಇಲ್ಲ. ಕೇಳಿದವರಿಗೆ ಹೇಳುತ್ತೇನೆ. ಹೇಳಿದ ದಿನ ನನಗೆ ಊಟ ಸೇರುವುದಿಲ್ಲ, ಅಷ್ಟೆ.

ಹಿಂದೆ ಒಮ್ಮೆ, ಈ ಸೀಮೆಗೆ ಸಂಗನಗೌಡನೆಂಬವನು ಯಜಮಾನನಾಗಿದ್ದ ಕಾಲದಲ್ಲಿ, ಸಿಂಗೋಜನೆಂಬ ಕಲ್ಲುಕುಟಿಗ ಈ ಬಾವಿಯನ್ನು ಕಟ್ಟಿದನು ಎನ್ನುತ್ತಾರೆ. ಅವನು ಹೆಂಡತಿಯನ್ನು ಕಳೆದುಕೊಂಡವನು. ಹೊನ್ನವ್ವ ಎಂಬ ಒಬ್ಬಳೇ ಮಗಳು. ಅವನ ಕೆಲಸಕ್ಕೆ ಒಂದು ಕ್ರಮವಿತ್ತು: ಮೊದಲು ನಯ, ಆಮೇಲೆ ಮುಳ್ಳು. ಮೆಟ್ಟಿಲ ಕಲ್ಲುಗಳನ್ನು ಉಜ್ಜಿ ನುಣುಪು ಮಾಡಿದರೆ ಸಂದು ಬಿಗಿಯಾಗಿ ಕೂರುತ್ತದೆ. ಎಲ್ಲ ಕೂಡಿಸಿಯಾದ ಮೇಲೆ ಚೂಪು ಚಾಣದಿಂದ, ಅಂದರೆ ಕಬ್ಬಿಣದ ಉಳಿಯಿಂದ, ಒತ್ತೊತ್ತಾಗಿ ಚುಕ್ಕಿ ಹೊಡೆದು, ಹಲ್ಲಿನ ಸುತ್ತಿಗೆಯಿಂದ ಬಡಿದು, ಕಲ್ಲಿನ ಮೈ ಒರಟು ಮಾಡಬೇಕು, ಅದೇ ಮುಳ್ಳು. ಬೀಸುವ ಕಲ್ಲಿಗೆ ಮುಳ್ಳು ಹಾಕಿಸದಿದ್ದರೆ ಜೋಳ ಹಿಟ್ಟಾಗದೆ ಜಾರಿಕೊಳ್ಳುತ್ತದೆಂದು ನಮ್ಮ ಹೆಂಗಸರಿಗೆಲ್ಲ ಗೊತ್ತು. ಇದೂ ಅದೇ ಕೆಲಸ. ಇದನ್ನು ಕೊನೆಗೆ ಇಟ್ಟುಕೊಳ್ಳುವುದಕ್ಕೂ ಕಾರಣವುಂಟು. ಮೊದಲೇ ಮುಳ್ಳು ಹಾಕಿದರೆ ಮೇಲಿನಿಂದ ಕಲ್ಲು ಎಳೆದು ತರುವಾಗ ಅದೆಲ್ಲ ಸವೆದುಹೋಗುತ್ತದೆ.

ಕಲ್ಲು ಕೂಡಿಸುವ ಕೆಲಸ ಮುಗಿಯಿತು, ಮುಳ್ಳು ಹಾಕುವುದೊಂದೇ ಉಳಿಯಿತು ಎನ್ನುವಾಗ ಗೌಡನ ತಾಯಿ ಹಾಸಿಗೆ ಹಿಡಿದಳು. ಕಣ್ಣು ಮುಚ್ಚುವ ಮೊದಲು ಬಾವಿಯ ಪ್ರತಿಷ್ಠೆ ನೋಡಬೇಕೆಂದು ಹಟ ಮಾಡಿದಳು. ಗೌಡ ಅವಸರದಲ್ಲಿ ಮುಹೂರ್ತ ಇಡಿಸಿದ. ಗಂಗಮ್ಮ ಗೂಡಿನಲ್ಲಿ ಕುಳಿತಳು, ಮೆಟ್ಟಿಲಿಗೆಲ್ಲ ಅರಿಸಿನ ಕುಂಕುಮ ಬಿತ್ತು. ಪೂಜೆಯಾದ ಕಲ್ಲಿಗೆ ಕಬ್ಬಿಣ ತಾಕಿಸಬಾರದೆಂಬುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಕಟ್ಟಳೆ. ಆ ಮುದುಕಿಯೇನೋ ಆಮೇಲೆಯೂ ಕೆಲವು ವರ್ಷ ಚೆನ್ನಾಗಿಯೇ ಬದುಕಿದ್ದಳಂತೆ. ಅದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ತಪ್ಪಾದರೆ ಆಗಲಿ.

ಇದೇ ಹೊತ್ತಿಗೆ ಹೊನ್ನವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ಬಾಣಂತಿ ಮೊದಲ ಸಲ ಹೊರಗೆ ಕಾಲಿಟ್ಟಾಗ ಬಾವಿಗೆ ಹೋಗಿ, ಗಂಗೆಯನ್ನು ಪೂಜಿಸಿ, ಕೊಡ ತುಂಬಿಕೊಂಡು ಬರಬೇಕು. ಹೊಸ ಬಾವಿಗೆ ಮೊದಲ ಬಾಣಂತಿ ಕಟ್ಟಿದವನ ಮಗಳೇ ಆಗಲೆಂದು ಊರೆಲ್ಲ ಹಿಗ್ಗಿತು. ಸಿಂಗೋಜ ಮಾತ್ರ ಹಿಗ್ಗಲಿಲ್ಲ. ಅವನು ಗೌಡನ ಅಂಗಳಕ್ಕೆ ಹೋಗಿ ಕೈ ಮುಗಿದು ನಿಂತ.

"ಗೌಡ್ರ, ಮೆಟ್ಟಲಾ ಕನ್ನಡಿ ಆಗ್ಯಾವ್ರಿ. ನೀರ ಬಿದ್ರ ಕಾಲ ನಿಲ್ಲೂದಿಲ್ಲ. ಒಂದೀಟು ಚಾಣ ಆಡಿಸಾಕ ಅಪ್ಪಣಿ ಕೊಡ್ರಿ."

ಗೌಡ ಪಕ್ಕದಲ್ಲಿದ್ದ ಪೂಜಾರಿ ರಾಚಯ್ಯನ ಮುಖ ನೋಡಿದ. ರಾಚಯ್ಯ ತಲೆಯಾಡಿಸಿ, "ಕಬ್ಬಿಣ ಮುಟ್ಟಿಸಿದ್ರ ತಾಯಿ ಮೈಗೆ ಚುಚ್ಚಿದಂಗ ಆಕೈತಿ, ಸಿಂಗೋಜ. ಊರಿಗೆ ಒಳ್ಳೇದಲ್ಲ" ಎಂದ. ಸಿಂಗೋಜ ಕಾಲು ಹಿಡಿದ, ಅತ್ತ, ಆಗಲಿಲ್ಲ. ಮಗಳ ಗಂಗೆಪೂಜೆಯ ಹಿಂದಿನ ಸಂಜೆ ಹಳ್ಳದಿಂದ ಉಸುಕು ಹೊತ್ತು ತಂದು, ಮೇಲಿನಿಂದ ನೀರಿನ ಅಂಚಿನವರೆಗೆ ಹರಡಿ ಬಂದ. ಬೆಳಗಾದರೆ ಓಣಿಯ ಹೆಂಗಸರು, ಬಾಣಂತಿ ಬರುವ ದಾರಿ ಮಡಿಯಾಗಿರಲೆಂದು, ಅಕ್ಕರೆಯಿಂದಲೇ ಉಸುಕನ್ನೆಲ್ಲ ಗುಡಿಸಿ ನೀರು ಹಾಕಿ ತೊಳೆದುಬಿಟ್ಟಿದ್ದರು. ಅವರಿಗೆ ಯಾರು ಹೇಳಿದ್ದರು? ಹೊನ್ನವ್ವ ಪೂಜೆ ಮಾಡಿದಳು, ಕೊಡ ತುಂಬಿದಳು, ಸೊಂಟಕ್ಕೇರಿಸಿ ಮೇಲೆ ಹತ್ತತೊಡಗಿದಳು. ಮೇಲೆ ಕೂಸನ್ನು ಎತ್ತಿಕೊಂಡು ನಿಂತಿದ್ದ ಅಪ್ಪನನ್ನು ನೋಡಿ ನಕ್ಕಳು. ಕಾಲು ಜಾರಿತು. ತಲೆ ಕಲ್ಲಿಗೆ ಬಡಿದು ನೀರಿಗೆ ಬಿದ್ದವಳನ್ನು ಎತ್ತುವಷ್ಟರಲ್ಲಿ ಉಸಿರಿರಲಿಲ್ಲ.

ಮಗಳಿಗೆ ಮಣ್ಣು ಕೊಟ್ಟು ಬಂದ ಸಿಂಗೋಜ ಮನೆಗೆ ಹೋಗದೆ ಬಾವಿಗೆ ಬಂದ. ಗಂಗಮ್ಮನಿಗೆ ಬಾಯಿಗೆ ಬಂದಂತೆ ಬೈದ. ಕೈಗೆ ಸಿಕ್ಕ ಒಂದು ಬಿಳಿ ಬೆಣಚುಕಲ್ಲನ್ನು ಎತ್ತಿ ಅವಳು ಜಾರಿದ ಮೆಟ್ಟಿಲನ್ನು ಚಚ್ಚತೊಡಗಿದ. ಸಿಟ್ಟಿಗೆ ಚಚ್ಚಿದ್ದು, ಬೇರೆ ಯಾವ ಎಣಿಕೆಯೂ ಇರಲಿಲ್ಲ. ಸುಸ್ತಾಗಿ ಕೈ ನಿಂತಾಗ ನೋಡಿದರೆ ನುಣುಪು ಹೋಗಿ ಕಲ್ಲಿನ ಮೇಲೆಲ್ಲ ಗುಳಿ ಬಿದ್ದಿದ್ದವು. ನೀರು ಚೆಲ್ಲಿ ಅಂಗಾಲು ಊರಿದ. ಕಾಲು ಕಚ್ಚಿ ನಿಂತಿತು. ಆಗ ಅವನು ಕೂಗಿದ ಕೂಗು ಊರಿಗೆ ಕೇಳಿಸಿತಂತೆ. ಗೌಡ ಬಂದ, ರಾಚಯ್ಯನೂ ಬಂದ. ಸಿಂಗೋಜ ಕೈಯಲ್ಲಿದ್ದ ಕಲ್ಲನ್ನು ತೋರಿಸಿ, "ಇದಕ್ಕೂ ದೋಷ ಐತೇನು, ಅಜ್ಜಾರ?" ಎಂದು ಕೇಳಿದ.

"ಕಲ್ಲಿಗೆ ಕಲ್ಲು ತಾಕಿದ್ರ ಎಂಥಾ ದೋಷಪಾ," ಎಂದ ರಾಚಯ್ಯ. "ನೀ ಅವತ್ತ ಕೇಳಿದ್ದು ಚಾಣದ ಮಾತು."

ಸಿಂಗೋಜ ಹುಟ್ಟಿದಾರಭ್ಯ ಚಾಣ ಸುತ್ತಿಗೆ ಹಿಡಿದವನು. ಅವಿಲ್ಲದೆಯೂ ಕಲ್ಲಿಗೆ ಕೆಲಸ ಮಾಡಬಹುದೆಂಬುದು ಅವನಿಗೆ ಹೊಳೆಯಲೇ ಇಲ್ಲ. ಕಲ್ಲು ಗೊತ್ತಿಲ್ಲದವನಿಗಾದರೂ ಹೊಳೆಯುತ್ತಿತ್ತೋ ಏನೋ. ವಿಧಿ ಎಂದು ಎಲ್ಲರೂ ಸಮಾಧಾನ ಹೇಳಿದರು. ನಾನು ವಿಧಿಯನ್ನು ನಂಬುವವನೇ, ಆದರೂ ಇಲ್ಲಿ ಆ ಮಾತು ನನ್ನ ಬಾಯಿಗೆ ಬರುವುದಿಲ್ಲ. ಕೂಸನ್ನು ಗಂಡನ ಮನೆಯವರು ಕರೆದೊಯ್ದರು. ಸಿಂಗೋಜ ಮತ್ತೆ ಕಬ್ಬಿಣ ಮುಟ್ಟಲಿಲ್ಲ. ದಿನವೂ ಬಾವಿಯಲ್ಲಿ ಕುಳಿತು ಬೆಣಚುಕಲ್ಲಿನಿಂದ ಮೆಟ್ಟಿಲು ಕುಟ್ಟಿದ. ಬೇಸಿಗೆಯಲ್ಲಿ ನೀರು ಇಳಿದಂತೆ ತಾನೂ ಇಳಿದು, ಕೆಳಗಿನ ಮೆಟ್ಟಿಲುಗಳನ್ನೂ ಕುಟ್ಟಿದ. ಹೊಲದಲ್ಲಿದ್ದವರಿಗೆ ವರ್ಷಗಟ್ಟಲೆ ಆ ಕುಟ್ಟುವ ಸದ್ದು ಕೇಳುತ್ತಿತ್ತು. ಕುಟ್ಟುಬಾವಿ ಎಂಬ ಹೆಸರು ಆಗ ಹುಟ್ಟಿದ್ದು ಎನ್ನುತ್ತಾರೆ. ಕಡೆಯ ಮೆಟ್ಟಿಲೂ ಮುಗಿದ ಮೇಲೆ ಗೌಡ ಶಾಲು ಹಿಡಿದುಕೊಂಡು ಬಂದು, "ಸಿಂಗೋಜ, ನೀ ಕುಟ್ಟಿದಾಗಿಂದ ಇಲ್ಲಿ ಒಬ್ಬರೂ ಜಾರಿಲ್ಲ ನೋಡು" ಎಂದನಂತೆ.

ಸಿಂಗೋಜ ಶಾಲನ್ನು ಮುಟ್ಟಲಿಲ್ಲ. "ಒಬ್ಬರರೆ ಜಾರಿದ್ರ ಚಲೋ ಇತ್ತ್ರಿ, ಗೌಡ್ರ. ಅವತ್ತ ಕಲ್ಲಿಲೆ ಕುಟ್ಟಿದ್ರೂ ನನ್ನ ಮಗಳು ಉಳೀತಿದ್ದಿಲ್ಲ ಅಂತ ತಿಳ್ಕೊಂಡು ಸಾಯ್ತಿದ್ದೆ" ಎಂದ. ಆ ಮಳೆಗಾಲ ದಾಟುವ ಮೊದಲೇ ಸತ್ತ.

ಇಂದು ಬಂದವರು ಆ ಮೆಟ್ಟಿಲುಗಳನ್ನು ಕೈಯಿಂದ ಸವರಿ ನೋಡಬಹುದು. ಚಾಣದ ಸಾಲು ಇಲ್ಲ. ಅಂಕುಡೊಂಕಾದ ಗುಳಿಗಳು, ಒಂದರ ಮೇಲೊಂದು ಬಿದ್ದವು. ಶ್ರಾವಣದಲ್ಲಿ ಪಾಚಿ ಕಟ್ಟುತ್ತದೆ. ಬಾಣಂತಿಯರು ತುಂಬಿದ ಕೊಡ ಹೊತ್ತು, ಒದ್ದೆ ಕಾಲಿನಲ್ಲಿ, ಹಿಂದೆ ಬರುವವರೊಡನೆ ಮಾತಾಡುತ್ತ, ಕೆಳಗೆ ನೋಡದೆಯೇ ಹತ್ತಿ ಬರುತ್ತಾರೆ. ಯಾರೂ ಜಾರುವುದಿಲ್ಲ.