ಹೊನ್ನೂರ್‌ಸಾಬನಿಗೆ ಮಾತ್ರ ಹೇಳಬೇಕಾದ ಮಾತು

ತುಂಗಭದ್ರೆಯ ದಂಡೆಯಲ್ಲಿ, ಲೋಕದ ಅರ್ಧ ಕಾಯಿಲೆಗಳನ್ನು ವಾಸಿ ಮಾಡಿದ ಒಬ್ಬ ಗುರುಗಳಿದ್ದರು.

ಇದು ಸುಳ್ಳು. ಪ್ರೊಫೆಸರ್ ತಿಪ್ಪೇರುದ್ರಪ್ಪನವರು ವಾಸಿ ಮಾಡಿದ್ದು ಹನ್ನೊಂದು ಇಲಿಗಳನ್ನು. ಅದರಲ್ಲೂ ಒಂದಕ್ಕೆ ಕಾಯಿಲೆಯೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ದಂಡೆಯಂತೂ ನಿಜ. ಅಲ್ಲಿದ್ದದ್ದು ಅವರ ಪ್ರಯೋಗಶಾಲೆ. ಒಳಗೆ ಹೋದವರು ಮನೆಯ ದಾರಿ ಮರೆಯುತ್ತಿದ್ದರಾದ್ದರಿಂದ ಊರವರು ಅದನ್ನು ಆಶ್ರಮ ಎನ್ನುತ್ತಿದ್ದರು.

ಶಿಷ್ಯ ಮರುಳಸಿದ್ದ. ನಾಲ್ಕು ವರ್ಷದಿಂದ ಅವನದು ಒಂದೇ ತಪಸ್ಸು. ಯಕೃತ್ತಿನ ಕ್ಯಾನ್ಸರ್ ಗೆಡ್ಡೆಯನ್ನು ಕೊಲ್ಲುವ ಕಟು ಔಷಧಿಯನ್ನು ಕೊಬ್ಬಿನ ಚಿಪ್ಪಿನಲ್ಲಿ ತುಂಬಿ ರಕ್ತದೊಳಗೆ ಬಿಡುವುದು. ಒಂದು ಕೂದಲಿನ ಅಡ್ಡಕ್ಕೆ ಎಂಟುನೂರು ಕೂರುವಷ್ಟು ಚಿಕ್ಕ ನ್ಯಾನೊ ಚಿಪ್ಪು. ಅದರ ಮೇಲೊಂದು ಕೊಂಡಿ. ಗೆಡ್ಡೆಯ ಮೈಮೇಲಿನ ಗುರುತು ಸಿಕ್ಕಿದರೆ ಕೊಂಡಿ ಹಿಡಿಯಬೇಕು, ಚಿಪ್ಪು ಬಿಚ್ಚಬೇಕು, ಔಷಧಿ ಅಲ್ಲೇ ಇಳಿಯಬೇಕು.

ಇಳಿಯುತ್ತಿತ್ತು. ಇಲಿಯ ಹೃದಯದಲ್ಲಿ ಇಳಿಯುತ್ತಿತ್ತು, ಮೂತ್ರಪಿಂಡದಲ್ಲಿ ಇಳಿಯುತ್ತಿತ್ತು. ಗೆಡ್ಡೆ ಮಾತ್ರ ಆರಾಮಾಗಿತ್ತು.

ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸಲು ವಿಶ್ವವಿದ್ಯಾಲಯದ ಕೊನೆಯ ಗಡುವು. ತಪ್ಪಿದರೆ ನಾಲ್ಕು ವರ್ಷವೂ ಹೊಳೆಯ ಪಾಲು.

"ಸರ್, ಚಿಪ್ಪನ್ನ ಎರಡು ಸಲ ದಪ್ಪ ಮಾಡಿದೆ. ಆದರೂ ದಾರೀಲೇ ಯಾಕೆ ಬಿಚ್ಚಿಕೊಳ್ತದೆ?"

ಗುರುಗಳು ಅವನನ್ನು ಹತ್ತಿರ ಕರೆದು ಕಿವಿಯಲ್ಲಿ ಉಸುರಿದರು. ಬೆಳಿಗ್ಗೆ ಆಚೆ ದಡದ ಹೊನ್ನೂರ್‌ಸಾಬನ ಚಹಾದಂಗಡಿಯಲ್ಲಿ ಬಗ್ಗಿ ಸೀನಿದಾಗ ತಮ್ಮ ಹಲ್ಲಿನ ಸೆಟ್ಟು ಚಹಾದ ಪಾತ್ರೆಗೆ ಬಿತ್ತಂತೆ. ಹೇಳಲು ನಾಚಿಕೆಯಾಗಿ ಎದ್ದು ಬಂದರಂತೆ. ಮರುಳಸಿದ್ದ ಹೋಗಿ ಈ ಮಾತನ್ನು ಹೊನ್ನೂರ್‌ಸಾಬನೊಬ್ಬನ ಕಿವಿಗೆ ಹಾಕಬೇಕು. ಬೇರೆಯವರಿಗೆ ಗೊತ್ತಾದರೆ ಅವನ ವ್ಯಾಪಾರ ಮುಗಿಯಿತು.

ಗುರುಗಳ ಮೀಸೆಯ ಹಿಂದೆ ಎಂಥ ಹಲ್ಲಿದೆ ಎಂದು ಇಣುಕಿ ನೋಡುವ ಸಲಿಗೆ ಮರುಳಸಿದ್ದನಿಗೆ ಎಂದೂ ಇರಲಿಲ್ಲ. ನಂಬಿದ.

"ಎಲ್ಲಿ ಬಾಯಿ ಬಿಡಬೇಕು ಅಂತ ನಿನಗೆ ಹೆಂಗೆ ಗೊತ್ತಾಗ್ತದೆ?" ಎಂದರು ಗುರುಗಳು.

ಮರುಳಸಿದ್ದ ಎಷ್ಟಾದರೂ ವಿಜ್ಞಾನಿ. ಹೊನ್ನೂರ್‌ಸಾಬ ಯಾರು ಬಂದರೂ ಮೊದಲು ಕೇಳುವುದು 'ಊಟ ಆತಾ?' ಎಂದು. ಆ ಮಾತು ಕೇಳಿದ ಮೇಲೆಯೇ ಬಾಯಿ ಬಿಡುವುದು, ಅಲ್ಲಿಯವರೆಗೆ ಪ್ರಾಣ ಹೋದರೂ ಇಲ್ಲ ಎಂದ.

"ನೋಡಪ, ಕರಾರು ನಿಂದೇ."

ಗೇಟಿನ ಬಳಿ ಕಾವಲುಗಾರ ಬೀಡಿ ಆರಿಸಿ ಕೇಳಿದ, ಊಟ ಆತಾ ಎಂದು.

ಮರುಳಸಿದ್ದ ತಡವರಿಸಿದ. ಕರಾರು ಅಂದಮೇಲೆ ಕರಾರು. ಅಲ್ಲದೆ ಮಾತು ಆಗಲೇ ಹೊಟ್ಟೆಯಲ್ಲಿ ಮಗ್ಗುಲು ಬದಲಿಸುತ್ತಿತ್ತು. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿ ಹೇಳಿಬಿಟ್ಟ.

ಹರಿಗೋಲಿನಲ್ಲಿ ಹುಟ್ಟು ಹಾಕುವವನೂ 'ಊಟ ಆತಾ' ಎಂದು ಕೇಳಿದ. ಬುಟ್ಟಿ ಇಟ್ಟುಕೊಂಡ ಇಬ್ಬರು ಹೆಂಗಸರು ಕೇಳಿದರು. ತೂಕಡಿಸುತ್ತಿದ್ದ ಮುದುಕರೊಬ್ಬರು ಕಣ್ಣು ತೆರೆದು, ಇವನನ್ನು ನೋಡಿ, ಅದನ್ನೇ ಕೇಳಿ ಮತ್ತೆ ಕಣ್ಣು ಮುಚ್ಚಿದರು. ಉತ್ತರ ಕೇಳಿದ ಮೇಲೆ ಅವರಿಗೆ ನಿದ್ದೆ ಬರಲಿಲ್ಲ.

ಆಚೆ ದಡದ ಕೆಸರಿನಲ್ಲಿ ಸಿಕ್ಕ ಚಪ್ಪಲಿಯನ್ನು ಅವನು ಕೀಳುವಷ್ಟರಲ್ಲಿ ಬುಟ್ಟಿಯ ಹೆಂಗಸರು ದಡ ಹತ್ತಿ ಮೇಲೆ ಹೋಗಿಯಾಗಿತ್ತು.

ಅಂಗಡಿಯ ಬೆಂಚುಗಳು ಖಾಲಿ. ಅರ್ಧ ಕುಡಿದಿಟ್ಟ ಗ್ಲಾಸುಗಳಲ್ಲಿ ಕೆನೆ ಕಟ್ಟುತ್ತಿತ್ತು. ಗಿರಾಕಿಗಳೆಲ್ಲ ಎದುರಿನ ಬೇವಿನ ಮರದ ಕೆಳಗೆ ನಿಂತು ಬಾಯಿ ಮುಕ್ಕಳಿಸುತ್ತಿದ್ದರು.

"ಸಿದ್ದಣ್ಣ, ಮಂದಿ ಯಾಕೆ ಉಗುಳಿಕೋತ ಎದ್ದು ಹೋದ್ರು?" ಎಂದ ಹೊನ್ನೂರ್‌ಸಾಬ. "ನನಗ ಯಾರೂ ಹೇಳವಲ್ರು. ಏನಾಗೇತಿ ನನ್ನ ಚಾಕ್ಕ?"

ಮರುಳಸಿದ್ದ ಬಾಯಿ ತೆರೆದ. ಮುಚ್ಚಿದ. ಇವನು 'ಊಟ ಆತಾ' ಎಂದು ಕೇಳಲೇ ಇಲ್ಲವಲ್ಲ.

ಹೊನ್ನೂರ್‌ಸಾಬ ಮೂರು ಸಲ ಕೇಳಿದ. ಮೂರನೆಯ ಸಲ ಅವನ ಕಣ್ಣಲ್ಲಿ ನೀರಿತ್ತು. ಊರಿಗೆಲ್ಲ ಹೇಳಿ ಬಂದವನು ಅವನೊಬ್ಬನ ಮುಂದೆ ಕಂಬದ ಹಾಗೆ ನಿಂತಿದ್ದ.

ಮುಂದಿನ ಹರಿಗೋಲಿನಲ್ಲಿ ಗುರುಗಳು ಬಂದರು. ನೇರ ಬೇವಿನ ಮರದ ಕೆಳಗೆ ಹೋಗಿ, ಮೀಸೆ ಎತ್ತಿ, ಬಾಯಿ ಅಗಲಿಸಿ ನಿಂತರು. ಹರಿಗೋಲಿನ ಮುದುಕರೇ ಮುಂದೆ ಬಂದು ಒಂದೊಂದನ್ನೂ ಅಲ್ಲಾಡಿಸಿ ನೋಡಿದರು. ಮೂವತ್ತೊಂದು ಹಲ್ಲು, ಎಲ್ಲ ಹುಟ್ಟಿದವೇ. ಆಮೇಲೆ ಗುರುಗಳು ಅದೇ ಪಾತ್ರೆಯಿಂದ ಎರಡು ಗ್ಲಾಸು ಚಹಾ ಎಲ್ಲರೆದುರು ಕುಡಿದರು. ಬೆಂಚುಗಳು ಒಂದೊಂದಾಗಿ ತುಂಬಿದವು.

"ಸುಳ್ಳಾ, ಸರ್?" ಎಂದ ಮರುಳಸಿದ್ದ.

"ಸುಳ್ಳು ತುಂಬಿ ಕಳಿಸಿದ್ದಕ್ಕೆ ಬರೀ ಚಾ ತಣ್ಣಗಾತು. ನೀನು ತುಂಬೋದು ವಿಷ."

ಮರುಳಸಿದ್ದ ಬೆಂಚಿನ ತುದಿಯಲ್ಲಿ ಕೂತು ಹೇಳಿದ.

"ಗೆಡ್ಡೆಯ ಗುರುತು ಅಂತ ನನ್ನ ಕೊಂಡಿ ಹಿಡಿಯೋದು, ಚೆನ್ನಾಗಿರೋ ಹೃದಯದ ಮೇಲೂ ಇದೆ ಸರ್. ಅದು ಎಲ್ಲರೂ ಕೇಳೋ 'ಊಟ ಆತಾ'."

"ಹೊನ್ನೂರ್‌ಸಾಬ ಏನು ಕೇಳಿದ?"

"'ಏನಾಗೇತಿ' ಅಂತ."

"ಅದನ್ನ ದಾರೀಲಿ ಬೇರೆ ಯಾರಾದ್ರೂ ಕೇಳಿದ್ರಾ?"

ಮರುಳಸಿದ್ದ ಥಟ್ಟನೆ ಎದ್ದ. "ಗೆಡ್ಡೆಯೊಂದೇ ಕೇಳೋ ಮಾತು ಹುಡುಕಬೇಕು, ಸರ್." ಗಡುವಿಗೆ ಇನ್ನೂ ಹದಿನೆಂಟು ದಿನವಿತ್ತು. ಹರಿಗೋಲಿನ ಕಡೆ ಓಡಹೊರಟವನ ಅಂಗಿಯ ತೋಳನ್ನು ಗುರುಗಳು ಹಿಡಿದರು.

"ನಿಲ್ಲಪ. ಹಲ್ಲು ನಾನು ತೋರಿಸಿದೆ. ತಣ್ಣಗಾದ ಚಾದ ದುಡ್ಡು ನೀನು ತೋರಿಸು."